ತಿದ್ದುವುದರಲ್ಲಿ ಪಳಗಿದ ಗುಮಾಸ್ತನಿಂದ ಯುವ ವೈದ್ಯರಿಗೆ

ಇವರಿಗೆ:
ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೆ ಬಂದಿರುವ, ಬರಲಿರುವ, ಮತ್ತು ಬಂದ ದಿನವೇ ವರ್ಗಾವಣೆಗೆ ಅರ್ಜಿ ಹಾಕಿರುವ ವೈದ್ಯಾಧಿಕಾರಿಗಳು.

ಇವರಿಂದ:
ನಿವೃತ್ತ ಪ್ರಥಮ ದರ್ಜೆ ಸಹಾಯಕ, ಬಡವನಹಳ್ಳಿ.

ವಿಷಯ: ಆಸ್ಪತ್ರೆಯಲ್ಲಿ ಗುಣಮಟ್ಟ ಸುಧಾರಣಾ ಯೋಜನೆಯನ್ನು ಯಾರ ನಿದ್ದೆಗೂ ಭಂಗ ಬಾರದಂತೆ ಮಾಡಿ ಮುಗಿಸುವ ಬಗ್ಗೆ.

ಉಲ್ಲೇಖ: ಚೀಟಿ ಕೌಂಟರ್ ಎದುರಿನ ಕುಂಟು ಬೆಂಚು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಆರೋಗ್ಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕಡತ ಹೊತ್ತವನು. ಈಗ ಮಧುಗಿರಿ–ಶಿರಾ ರಸ್ತೆಯ ಈ ಊರಿನಲ್ಲಿ ಪಿಂಚಣಿ, ಎರಡು ಹುಣಸೆಮರ ಮತ್ತು ಬಿ.ಪಿ. ಇಟ್ಟುಕೊಂಡು ಬದುಕಿದ್ದೇನೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ನಮ್ಮ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಎಂಬ ಬೇರೆಯೇ ಜಿಲ್ಲೆ. ಕಾಯಿಲೆ ಬಿದ್ದಾಗ ಮಾತ್ರ ನಾವು ತುಮಕೂರು ಜಿಲ್ಲೆಯವರು. ಓದುವಾಗ ಸ್ವತಂತ್ರರು, ನರಳುವಾಗ ಅಧೀನರು. ಊರಿನ ಹೆಸರಲ್ಲೇ ಬಡವ ಇದ್ದಾನೆ. ಬಡವನಿಗೆ ಹಿರಿಯರು ಹೇಳಿದ ಬುದ್ಧಿಮಾತು ನಿಮಗೂ ಗೊತ್ತು, ‘ಬಡವಾ, ನೀ ಮಡಗಿದಂಗಿರು’. ಮಡಗಿದಲ್ಲೇ ಕೂತು ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಮಧುಗಿರಿಯವರು ಅದು ಶಿರಾದ್ದು ಎಂದುಕೊಳ್ಳಲಿ, ಶಿರಾದವರು ಕೊರಟಗೆರೆಯದು ಎಂದುಕೊಳ್ಳಲಿ. ಎಲ್ಲರೂ ಅದು ತಮ್ಮದಲ್ಲ ಎಂದುಕೊಂಡರೆ ನನ್ನ ಪಿಂಚಣಿ ಸುರಕ್ಷಿತ. ಅಲ್ಲಿ ಮೂರು ಗುಣಮಟ್ಟ ಸುಧಾರಣಾ ಯೋಜನೆಗಳು ಯಶಸ್ವಿಯಾಗಿ ಮುಗಿದವು. ಮೂರನ್ನೂ ನಾನೇ ಮುಗಿಸಿದೆ, ಕುರ್ಚಿಯಿಂದ ಏಳದೆ.

ನೀವು ತರಬೇತಿ ಮುಗಿಸಿ, ಹೆಗಲಿಗೆ ಚೀಲ, ಚೀಲದಲ್ಲಿ ಫೋಲ್ಡರು ಹಾಕಿಕೊಂಡು ಬರುವುದನ್ನು ಬಸ್‌ಸ್ಟ್ಯಾಂಡಿನಲ್ಲಿ ನೋಡುತ್ತಿರುತ್ತೇನೆ. ದೆಹಲಿಯ ಏಮ್ಸ್‌ನವರೂ ವಿಶ್ವ ಆರೋಗ್ಯ ಸಂಸ್ಥೆಯವರೂ ಸೇರಿ ರೂಪಿಸಿದ ಪಾಠದಲ್ಲಿ ನಾಲ್ಕೇ ಹೆಜ್ಜೆ. ಸಮಸ್ಯೆ ಆರಿಸಿ, ತಂಡ ಕಟ್ಟಿ, ಗುರಿ ಬರೆಯುವುದು. ಕಾರಣ ಹುಡುಕಿ, ಏನನ್ನು ಅಳೆಯಬೇಕೆಂದು ಗೊತ್ತುಮಾಡುವುದು. ಬದಲಾವಣೆಯನ್ನು ಸಣ್ಣದಾಗಿ ಮಾಡಿ ನೋಡುವುದು. ಫಲ ಕೊಟ್ಟದ್ದನ್ನು ಉಳಿಸಿಕೊಳ್ಳುವುದು. ನಮ್ಮ ಕಡೆ ಇನ್ನೊಂದು ಹೆಜ್ಜೆಯಿದೆ, ಅದು ಈ ನಾಲ್ಕಕ್ಕಿಂತ ಮೊದಲು ಬರುತ್ತದೆ: ವರದಿ ಬರೆಯುವುದು. ವರದಿ ಮೊದಲೇ ಸಿದ್ಧವಿದ್ದರೆ ಉಳಿದ ನಾಲ್ಕು ಎಷ್ಟು ಸಲೀಸಾಗಿ ನಡೆಯುತ್ತವೆ ಎಂದರೆ, ನಡೆಯಲೇಬೇಕಾಗಿಲ್ಲ.

ಆದ್ದರಿಂದ ಅನುಭವದಿಂದ ನಾಲ್ಕು ಮಾತು.

ಸಮಸ್ಯೆ ಆರಿಸುವಾಗ ಆದಷ್ಟು ದೊಡ್ಡದನ್ನೇ ಆರಿಸಿ. ‘ತಾಯಂದಿರ ಆರೋಗ್ಯ ಸುಧಾರಣೆ’, ‘ರೋಗಿಗಳ ಸಂತೃಪ್ತಿ’, ಇಂಥವು. ಬಾಗಿಲಷ್ಟು ದೊಡ್ಡ ಗುರಿಗೆ ಎಲ್ಲಿಂದ ಗುಂಡು ಹೊಡೆದರೂ ತಾಗುತ್ತದೆ. ‘ಬೆಳಿಗ್ಗೆ ಬರುವ ಬಿ.ಪಿ. ರೋಗಿಗಳಲ್ಲಿ ಪಟ್ಟಿ ಸುತ್ತಿ ನಿಜವಾಗಿ ಬಿ.ಪಿ. ನೋಡಿಸಿಕೊಂಡು ಹೋಗುವವರು ಇಂದು ಹತ್ತಕ್ಕೆ ನಾಲ್ಕು, ಯುಗಾದಿಯೊಳಗೆ ಒಂಬತ್ತಾಗಬೇಕು’ ಎಂದು ಬರೆದಿರೋ, ಕೆಟ್ಟಿರಿ. ಯಾರಿಗೆ, ಎಷ್ಟು, ಯಾವಾಗಿನೊಳಗೆ ಎಂಬುದೆಲ್ಲ ಕಾಗದದ ಮೇಲೆ ಬಂದುಬಿಡುತ್ತದೆ. ಯುಗಾದಿ ಬಂದೇ ಬರುತ್ತದೆ. ಅವತ್ತು ಯಾರಾದರೂ ಕೇಳಿದರೆ?

ತಂಡ ಕಟ್ಟುವಾಗ ಸಭೆಗೆ ಬರಬಲ್ಲವರನ್ನೇ ಸೇರಿಸಿ. ಕೆಲಸ ಮಾಡುವವರಿಗೆ ಸಭೆಗೆ ಪುರುಸೊತ್ತು ಇರುವುದಿಲ್ಲ. ನಮ್ಮಲ್ಲಿ ಹೆರಿಗೆ ಕೊಠಡಿ ಒರೆಸುವ ಒಬ್ಬ ಆಯಮ್ಮ ಇದ್ದಳು. ರಾತ್ರಿ ಹೊತ್ತು ಫ್ರಿಡ್ಜಿನ ಪ್ಲಗ್ ಯಾರು ಕೀಳುತ್ತಾರೆ, ಏಕೆ ಕೀಳುತ್ತಾರೆ (ಮೊಬೈಲ್ ಚಾರ್ಜಿಗೆ, ಇನ್ನೇಕೆ) ಎಂಬುದು ಇಡೀ ಆಸ್ಪತ್ರೆಯಲ್ಲಿ ಆಕೆಯೊಬ್ಬಳಿಗೇ ಗೊತ್ತಿತ್ತು. ಆ ಫ್ರಿಡ್ಜಿನಲ್ಲಿ ಇದ್ದದ್ದು ಬಾಣಂತಿಯ ರಕ್ತ ನಿಲ್ಲಿಸುವ ಆಕ್ಸಿಟೋಸಿನ್, ತಂಪಿನಲ್ಲಿರಬೇಕಾದ ಔಷಧಿ. ಗುಣಮಟ್ಟದ ತಂಡದಲ್ಲಿ ಹನ್ನೊಂದು ಜನ ಇದ್ದರು. ಆಯಮ್ಮ ಸಭೆಗೆ ಟೀ ತಂದುಕೊಟ್ಟು ಹೋದಳು.

ಕಾರಣ ಹುಡುಕಲು ಮೀನಿನ ಮುಳ್ಳಿನ ಚಿತ್ರ ಬಿಡಿಸುತ್ತಾರೆ. ಜಪಾನಿನ ಇಶಿಕಾವ ಎಂಬುವರ ಉಪಾಯ. ತಲೆಯಲ್ಲಿ ಸಮಸ್ಯೆ, ಬೆನ್ನುಮೂಳೆಯ ಎರಡೂ ಕಡೆ ಕಾರಣಗಳ ಮುಳ್ಳು. ನಮ್ಮದು ಬೆಂಗಾಡು; ಕೆರೆ ತುಂಬಿದ ವರ್ಷ ಮಾತ್ರ ಮೀನು ಕಾಣುವ ಸೀಮೆ. ಆದರೂ ನಾನು ಬಿಡಿಸಿದಷ್ಟು ಮೀನನ್ನು ಮಂಗಳೂರಿನವರೂ ಬಿಡಿಸಿರಲಾರರು. ನನ್ನ ಎಲ್ಲ ಮೀನುಗಳಿಗೂ ಒಂದು ಮುಳ್ಳು ಎಲ್ಲಕ್ಕಿಂತ ಉದ್ದವಾಗಿರುತ್ತಿತ್ತು: ‘ರೋಗಿಗಳಲ್ಲಿ ಅರಿವಿನ ಕೊರತೆ’. ಮೀಟಿಂಗಿನಲ್ಲಿ ಈ ಮುಳ್ಳು ಯಾರ ಗಂಟಲಿಗೂ ಸಿಕ್ಕಿಕೊಳ್ಳುವುದಿಲ್ಲ, ಏಕೆಂದರೆ ರೋಗಿಗಳು ಮೀಟಿಂಗಿನಲ್ಲಿ ಇರುವುದಿಲ್ಲ.

ಇನ್ನು ಅಳತೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ನನ್ನ ಕಸುಬು ಇದೇ.

ಎರಡು ಕಂಬದ ಗ್ರಾಫ್ ಬಿಡಿಸಿ. ಎಡಗಡೆ ‘ಮೊದಲು’, ಬಲಗಡೆ ‘ನಂತರ’. ಕಾಯುವ ಸಮಯ ಇಳಿದಿದೆ ಎಂದು ತೋರಿಸಬೇಕೆ? ‘ಮೊದಲು’ ಎಣಿಕೆಯನ್ನು ಜಾತ್ರೆ ಕಳೆದ ವಾರ ಮಾಡಿ, ವಾಂತಿ ಭೇದಿಯವರೆಲ್ಲ ಬಂದು ಬಾಗಿಲು ಕಿತ್ತುಹೋಗುವಂತೆ ತುಂಬಿರುತ್ತಾರೆ. ‘ನಂತರ’ದ ಎಣಿಕೆಯನ್ನು ಕಡಲೆಕಾಯಿ ಕೀಳುವ ವಾರ ಮಾಡಿ, ಜ್ವರ ಬಂದವರೂ ಹೊಲದಲ್ಲಿರುತ್ತಾರೆ. ಏನೂ ಮಾಡದೆ ಅರ್ಧಕ್ಕರ್ಧ ಸುಧಾರಣೆ. ವಾರಕ್ಕೊಂದು ಚುಕ್ಕಿ ಇಟ್ಟು, ಚುಕ್ಕಿ ಸೇರಿಸುತ್ತ ವರ್ಷವಿಡೀ ಗೆರೆ ಎಳೆಯಿರಿ ಎಂದು ಫೋಲ್ಡರಿನಲ್ಲಿ ಬರೆದಿರುತ್ತದೆ. ಆ ತಪ್ಪು ಮಾಡಬೇಡಿ. ಗೆರೆ ಚಾಡಿಕೋರ. ಜಾತ್ರೆಯನ್ನೂ ಹೇಳುತ್ತದೆ, ಕಡಲೆಕಾಯಿಯನ್ನೂ ಹೇಳುತ್ತದೆ, ನೀವು ಮಾಡಿದ ಬದಲಾವಣೆ ಯಾವ ವಾರ ಶುರುವಾಗಿ ಯಾವ ವಾರ ಸತ್ತಿತು ಎಂಬುದನ್ನೂ ಹೇಳುತ್ತದೆ.

ಅಳತೆ ಎಂಥ ಅಪಾಯದ ವಸ್ತು ಎಂಬುದಕ್ಕೆ ಬೆಳಗಾವಿಯವರ ಕಥೆ ಹೇಳುತ್ತೇನೆ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದವರ ಜೊತೆ ಸೇರಿ 2002ರಿಂದ 2005ರವರೆಗೆ ಹಳ್ಳಿಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರೆ ರಕ್ತಸ್ರಾವ ತಗ್ಗುತ್ತದೆಯೇ ಎಂಬುದು ಪ್ರಶ್ನೆ. ಕೊಡುವವರು ದೊಡ್ಡ ಡಾಕ್ಟರುಗಳಲ್ಲ, ಉಪಕೇಂದ್ರದ ಸಹಾಯಕ ದಾದಿಯರು. 1620 ಹೆಂಗಸರು. ತಗ್ಗಿತು: ವಿಪರೀತ ಸ್ರಾವವಾದವರು ನೂರಕ್ಕೆ 12 ಇದ್ದದ್ದು 6.4 ಆಯಿತು. ಆದರೆ ನನ್ನಂಥ ಗುಮಾಸ್ತನಿಗೆ ಬೆವರು ಬರಿಸಿದ್ದು ಆ ಮಾತ್ರೆಯಲ್ಲ. ರಕ್ತ ಎಷ್ಟು ಹೋಯಿತೆಂದು ಗೊತ್ತಾಗಲು ಅವರು ಬಾಣಂತಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ ಮಾಡಿಕೊಂಡರು. ಅದರ ತುದಿಗೆ ಅಳತೆಯ ಗೆರೆಯಿರುವ ಚೀಲ. ಕಣ್ಣಂದಾಜಿಗೂ ಚೀಲದ ಗೆರೆಗೂ ಹೋಲಿಸಿ ನೋಡಿದರೆ, ಕಣ್ಣು ಮೂರನೇ ಒಂದು ಪಾಲು ಕಡಿಮೆ ಹೇಳುತ್ತಿತ್ತು. ಅಂದರೆ ಮೂರು ಲೋಟ ಹೋಗಿದ್ದರೆ ಎರಡು ಎಂದು ಬರೆದು, ಎಲ್ಲ ಸರಿಯಾಗಿದೆ ಎಂದು ದೀಪ ಆರಿಸಿ ಮಲಗುವುದು. ಸುಳ್ಳು ಬರೆಯಬೇಕೆಂಬ ಉದ್ದೇಶ ಯಾರಿಗೂ ಇರಲಿಲ್ಲ, ಕಣ್ಣೇ ಹಾಗೆ. ನಾನು ಸಂಬಳ ತೆಗೆದುಕೊಂಡು ಮಾಡುತ್ತಿದ್ದ ಕೆಲಸವನ್ನು ಕಣ್ಣು ಪುಕ್ಕಟೆಯಾಗಿ ಮಾಡುತ್ತಿತ್ತು.

ಇದೇ ಬಗೆಯ ಗೆರೆ ಹಾಕಿದ ಹಾಳೆ ಆಮೇಲೆ ಆಫ್ರಿಕಕ್ಕೂ ಹೋಯಿತು. ಕೆನ್ಯಾ, ನೈಜೀರಿಯ, ಟಾಂಜಾನಿಯ, ದಕ್ಷಿಣ ಆಫ್ರಿಕಗಳ 80 ಆಸ್ಪತ್ರೆಗಳ ಪೈಕಿ ಅರ್ಧದಷ್ಟರಲ್ಲಿ ಹಾಳೆ ಹಾಸಿ, ಸ್ರಾವ ಗೆರೆ ಮುಟ್ಟಿದ ಕೂಡಲೇ ಮಾಡಬೇಕಾದ್ದನ್ನೆಲ್ಲ ಒಂದರ ಹಿಂದೊಂದು ಕಾಯದೆ ಒಟ್ಟಿಗೇ ಮಾಡಿದರು. ತೀವ್ರ ಸ್ರಾವ ಮತ್ತು ಅದರ ಅನಾಹುತಗಳು ನೂರಕ್ಕೆ ಅರವತ್ತರಷ್ಟು ಇಳಿದವು ಎಂದು 2023ರಲ್ಲಿ ಪ್ರಕಟವಾಯಿತು. ಔಷಧಿ ಹೊಸದಲ್ಲ, ಕೈಗಳೂ ಅವೇ. ಯಾರೋ ಒಂದು ಗೆರೆ ಎಳೆದರು. ನಮ್ಮಲ್ಲೂ ಗೆರೆ ಎಳೆಯುತ್ತಿದ್ದೆವು, ಪೆನ್ಸಿಲಿನಲ್ಲಿ, ಅಳಿಸಲು ಸುಲಭ ಎಂದು.

ಇನ್ನೊಂದು ಕಥೆಯನ್ನೂ ನಿಮ್ಮ ತರಬೇತಿಯಲ್ಲಿ ಕೇಳಿರುತ್ತೀರಿ, ಅರ್ಧ ಮಾತ್ರ. 2010ರಲ್ಲಿ ಕರ್ನಾಟಕದ್ದೇ ಒಂದು ತಾಲ್ಲೂಕು ಮಟ್ಟದ ಹೆರಿಗೆ ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು ಮೊದಲು ಪ್ರಯೋಗಿಸಿ ನೋಡಿದರು. ಕೈ ತೊಳೆಯುವುದು, ಬಿ.ಪಿ. ನೋಡುವುದು, ಮಗುವನ್ನು ಬೆಚ್ಚಗಿಡುವುದು, ಹೀಗೆ ಪ್ರತಿ ಹೆರಿಗೆಯಲ್ಲೂ ಆಗಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಆಗುತ್ತಿದ್ದವು. ಪಟ್ಟಿ ಬಂದ ಮೇಲೆ 25. ಚಪ್ಪಾಳೆ. ಮಿಕ್ಕರ್ಧ ಹೀಗಿದೆ. ಅದೇ ಪಟ್ಟಿಯನ್ನು ಉತ್ತರ ಪ್ರದೇಶಕ್ಕೆ ಒಯ್ದು 120 ಆಸ್ಪತ್ರೆಗಳ ಪೈಕಿ ಅರ್ಧಕ್ಕೆ ಕೊಟ್ಟರು, ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆ ಲೆಕ್ಕ ಹಿಡಿದರು. ಪಕ್ಕದಲ್ಲಿ ನಿಂತು ಹೇಳಿಕೊಡುವವರು ಇದ್ದಾಗ ಎರಡನೇ ತಿಂಗಳಲ್ಲಿ ನೂರಕ್ಕೆ 73 ಕೆಲಸ ಆಗುತ್ತಿತ್ತು, ಪಟ್ಟಿಯಿಲ್ಲದ ಕಡೆ 42. ಹೇಳಿಕೊಡುವವರು ಹೋದ ಮೇಲೆ, ಹನ್ನೆರಡನೇ ತಿಂಗಳಿಗೆ ಅದು 62ಕ್ಕೆ ಇಳಿಯಿತು. ತಾಯಿ, ಮಗುವಿನ ಸಾವು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಇಷ್ಟೆಲ್ಲ ಮಾಡಿ, ಇಷ್ಟೆಲ್ಲ ಖರ್ಚು ಮಾಡಿ, 2017ರಲ್ಲಿ ಅದನ್ನು ಹಾಗೆಯೇ ಅಚ್ಚು ಹಾಕಿಸಿದರು! ಓದಿ ನನಗೆ ನಿಜವಾಗಿ ಗಾಬರಿಯಾಯಿತು. ಆ ಕಡತ ನನ್ನ ಟೇಬಲಿಗೆ ಬಂದಿದ್ದರೆ ಅರ್ಧ ಗಂಟೆಯಲ್ಲಿ ಸಾವನ್ನು ಇಳಿಸಿಕೊಡುತ್ತಿದ್ದೆ.

ಏಕೆಂದರೆ ನಾನು ಬರೆದ ನಮೂನೆಗಳಲ್ಲಿ ಕಾಲಂಗಳು ಹದಿನಾಲ್ಕಿದ್ದವು. ಯೋಜನೆಯ ಹೆಸರು, ಉದ್ದೇಶ, ಭಾಗವಹಿಸಿದವರು, ಫೋಟೋ, ಎಲ್ಲ ಇತ್ತು. ‘ಮಾಡಿದೆವು, ಆಗಲಿಲ್ಲ’ ಎಂದು ಬರೆಯಲು ಜಾಗ ಇರಲಿಲ್ಲ.

ನಿಮ್ಮ ಫೋಲ್ಡರಿನಲ್ಲಿ ಒಂದು ಚಕ್ರ ಇರುತ್ತದೆ, ಡೆಮಿಂಗ್ ಎಂಬುವರ ಹೆಸರಿನಲ್ಲಿ ಓಡಾಡುವಂಥದ್ದು. ಕನ್ನಡದಲ್ಲಿ ಹೇಳುವುದಾದರೆ: ಯೋಚಿಸು, ಮಾಡು, ನೋಡು, ತಿದ್ದು. ಮೊದಲ ಮೂರರ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ. ನಾಲ್ಕನೆಯದರಲ್ಲಿ ಈ ನಾಲ್ಕು ತಾಲ್ಲೂಕಿಗೇ ನನ್ನನ್ನು ಮೀರಿಸಿದವರಿಲ್ಲ. 3ನ್ನು 8 ಮಾಡಲು ಒಂದೇ ಗೀಟು ಸಾಕು. 1ನ್ನು 9 ಮಾಡಲು ತುಸು ಕೈಚಳಕ ಬೇಕು.

ಪರಿಶೀಲನೆಗೆ ಬರುವವರ ಬಗ್ಗೆ ಹೆದರಬೇಡಿ. ಆಸ್ಪತ್ರೆಗಳ ಶುಚಿತ್ವಕ್ಕೆ ಬಹುಮಾನ ಕೊಡುವ ಕಾಯಕಲ್ಪ ಯೋಜನೆ 2015ರಲ್ಲಿ ಬಂದಾಗ ನಮ್ಮಲ್ಲಿ ಸ್ವಲ್ಪ ನಡುಕ ಇತ್ತು. ನೂರಕ್ಕೆ ಎಪ್ಪತ್ತು ಬಂದರೆ ಪಾಸು. ಪ್ರಾಥಮಿಕ ಆರೋಗ್ಯ ಕೇಂದ್ರ ಜಿಲ್ಲೆಗೆ ಮೊದಲು ಬಂದರೆ ಎರಡು ಲಕ್ಷ ರೂಪಾಯಿ. ನಿಜ ಹೇಳಬೇಕೆಂದರೆ ಅದರಿಂದ ಕಕ್ಕಸುಗಳು ಶುಚಿಯಾದವು, ಹಳದಿ, ಕೆಂಪು ಕಸದ ಡಬ್ಬಗಳು ಬಂದವು, ಆವರಣದಲ್ಲಿ ಹೂ ಬಿಟ್ಟಿತು. ಅದನ್ನು ಅಲ್ಲಗಳೆದರೆ ನಾಲಿಗೆಯಲ್ಲಿ ಹುಳ ಬಿದ್ದೀತು. ಇನ್ನು ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡ, ಅಂದರೆ ಎನ್‌ಕ್ವಾಸ್. ಅದರವರು ನಾಲ್ಕು ದಾರಿಯಲ್ಲಿ ಪರೀಕ್ಷಿಸುತ್ತಾರೆ: ಕಣ್ಣಲ್ಲಿ ನೋಡುತ್ತಾರೆ, ಸಿಬ್ಬಂದಿಯನ್ನು ಕೇಳುತ್ತಾರೆ, ರೋಗಿಯನ್ನು ಕೇಳುತ್ತಾರೆ, ದಾಖಲೆ ನೋಡುತ್ತಾರೆ. ಮಾನದಂಡದಲ್ಲಿ ಎಂಟು ಭಾಗ, ಎಂಟನೆಯದು ಫಲಿತಾಂಶ. ಅದು ಊಟದಲ್ಲಿ ಮಜ್ಜಿಗೆ ಬರುವ ಹೊತ್ತಿಗೆ ಬರುತ್ತದೆ. ಅಷ್ಟರಲ್ಲಿ ಬಂದವರಿಗೆ ಪಾವಗಡದ ಕೊನೆಯ ಬಸ್ಸಿನ ಯೋಚನೆ ಹತ್ತಿರುತ್ತದೆ.

ಪಾವಗಡ ಎಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. 2024ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರಿ ತಾಯಿ–ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೂವರು ಹೆಣ್ಣುಮಕ್ಕಳು ತೀರಿಕೊಂಡರು. ಅದಕ್ಕೂ ಹಿಂದೆ, 2022ರ ನವೆಂಬರಿನಲ್ಲಿ, ತುಮಕೂರಿನಲ್ಲಿ ತುಂಬು ಗರ್ಭಿಣಿಯೊಬ್ಬಳನ್ನು, ಬಸುರಿಯರಿಗೆ ಕೊಡುವ ತಾಯಿ ಕಾರ್ಡ್ ಇಲ್ಲವೆಂದು ಆಸ್ಪತ್ರೆಯಿಂದ ವಾಪಸು ಕಳಿಸಿದರು. ಆಕೆ ಮನೆಯಲ್ಲೇ ಅವಳಿ ಮಕ್ಕಳನ್ನು ಹೆತ್ತು, ಮಕ್ಕಳೊಂದಿಗೆ ಸತ್ತಳು. ಎರಡೂ ಸಲ ಸಿಬ್ಬಂದಿಯ ಮೇಲೆ ಕ್ರಮವಾಯಿತು. ಆಗಬೇಕಾದ್ದೇ. ಆದರೆ ನಾನು ಅಂಥ ಆದೇಶಗಳನ್ನು ಟೈಪು ಮಾಡಿದವನು, ಅವುಗಳ ಅಂದ ನನಗೆ ಗೊತ್ತು. ಜಪಾನಿನ ಟೊಯೋಟಾದವರು ಏನಾದರೂ ಕೆಟ್ಟರೆ ‘ಏಕೆ’ ಎಂದು ಐದು ಸಲ ಕೇಳಬೇಕೆಂದು ಕಲಿಸಿದರಂತೆ. ನಾವು ‘ಯಾರು’ ಎಂದು ಒಂದು ಸಲ ಕೇಳುತ್ತೇವೆ. ಉತ್ತರ ಸಿಕ್ಕಿದರೆ ಕಡತ ಮುಗಿಯಿತು. ಕಾರ್ಡು ಇಲ್ಲದವರು ಬಂದರೆ ರಾತ್ರಿ ಪಾಳಿಯವರು ಏನು ಮಾಡಬೇಕೆಂದು ಗೋಡೆಯ ಮೇಲೆ ಬರೆದಿತ್ತೇ? ಆ ರಾತ್ರಿ ಎಷ್ಟು ಜನ ಇದ್ದರು? ಹಿಂದಿನ ತಿಂಗಳು ಹೀಗೆ ವಾಪಸು ಹೋದವರು, ಸಾಯದೆ ಉಳಿದದ್ದರಿಂದ ಪತ್ರಿಕೆಗೆ ಬಾರದವರು, ಎಷ್ಟು? ಇವನ್ನು ಕೇಳಲು ಹೋದರೆ ಕಡತ ದಪ್ಪವಾಗುತ್ತದೆ, ಕೊನೆಗೆ ಅದರಲ್ಲಿ ಮೇಲಿನವರ ಸಹಿಯೂ ಸಿಕ್ಕಬಹುದು. ಹೀಗಾಗಿ ‘ಯಾರು’ ಎಂಬುದೇ ವಾಸಿ. ಇದಾದ ಮೇಲೆ ದಾದಿಯರು ಕಲಿಯುವ ಪಾಠವೂ ಒಂದೇ: ತಪ್ಪಾದರೆ ಮುಚ್ಚು. ಮುಚ್ಚಿದ್ದನ್ನು ಅಂದವಾಗಿ ಬರೆಯಲು ನಾನಿದ್ದೆ.

ಇರಲಿ. ನಿಮಗೆ ಎಚ್ಚರಿಕೆಯಾಗಿ ಒಬ್ಬ ಡಾಕ್ಟರಮ್ಮನ ಕಥೆ ಹೇಳಿ ಮುಗಿಸುತ್ತೇನೆ. ಕಡ್ಡಾಯ ಸೇವೆಗೆ ಬಂದ ಹುಡುಗಿ, ನನ್ನ ನಿವೃತ್ತಿಯ ಹಿಂದಿನ ವರ್ಷ. ಸುಧಾರಣಾ ಯೋಜನೆ ಎಂದರೆ ಏನು ಮಾಡಬೇಕೆಂದು ನನ್ನನ್ನೇ ಕೇಳಿದಳು. ನಾನು ಹಳೆಯ ಮೂರು ವರದಿ ಕೊಟ್ಟು, ದಿನಾಂಕ ಬದಲಿಸಿಕೊಳ್ಳಮ್ಮಾ ಎಂದೆ. ಆಕೆ ಓದಿ, ನಕ್ಕು, ವಾಪಸು ಇಟ್ಟಳು. ಆಮೇಲೆ ಹತ್ತು ದಿನ ಏನೂ ಮಾಡಲಿಲ್ಲ. ಹೊರರೋಗಿಗಳು ಮುಗಿದ ಮೇಲೆ ಹೊರಗೆ ಬಂದು, ಚೀಟಿ ಕೌಂಟರ್ ಎದುರಿನ ಆ ಕುಂಟು ಬೆಂಚಿನ ಮೇಲೆ ಆಯಮ್ಮನ ಪಕ್ಕ ಕೂರುತ್ತಿದ್ದಳು. ಡಾಕ್ಟರು ಬೆಂಚಿನ ಮೇಲೆ ಕೂತರೆ ಆಸ್ಪತ್ರೆಯ ಮಾನವೇನಾಗಬೇಕು ಎಂದು ನಮಗೆಲ್ಲ ಸಂಕಟ.

ಅಲ್ಲಿ ಕೂತು ಆಕೆಗೆ ಗೊತ್ತಾದದ್ದು ಇಷ್ಟು. ಬಿ.ಪಿ. ರೋಗಿಗಳಿಗೆ ಹತ್ತು ದಿನದ ಮಾತ್ರೆ ಕೊಡುವುದು ನಮ್ಮ ಪದ್ಧತಿ. ಏಕೆ ಹತ್ತು ಎಂದರೆ ಹಿಂದಿನ ಫಾರ್ಮಸಿಸ್ಟು ಹತ್ತು ಕೊಡುತ್ತಿದ್ದ. ಹತ್ತು ದಿನಕ್ಕೊಮ್ಮೆ ಕೂಲಿ ಬಿಟ್ಟು, ಬಸ್ಸು ಹತ್ತಿ, ಅರ್ಧ ದಿನ ಕಳೆಯಲು ಯಾರಿಗಾಗುತ್ತದೆ? ಎರಡನೇ ಸಲ ಬರುತ್ತಿದ್ದರು, ಮೂರನೇ ಸಲಕ್ಕೆ ಇಲ್ಲ. ನನ್ನ ಮೀನಿನಲ್ಲಿ ಅದು ‘ಅರಿವಿನ ಕೊರತೆ’ ಆಗಿತ್ತು.

ಆಕೆ ಐದು ಜನಕ್ಕೆ ಮೂವತ್ತು ದಿನದ ಮಾತ್ರೆ ಕೊಟ್ಟಳು. ಐದೇ. ಇಡೀ ತಾಲ್ಲೂಕಿಗೆ ಸುತ್ತೋಲೆ ಹೊರಡಿಸಿ ಎಂದು ನಾನು ಹೇಳಿದೆ, ಕೇಳಲಿಲ್ಲ. ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಪ್ರತಿ ರೋಗಿಗೂ ಒಂದು ರಟ್ಟಿನ ಕಾರ್ಡು, ಊರಿನ ಪ್ರಕಾರ ಜೋಡಿಸಿದ್ದು. ಮುಂದಿನ ತಿಂಗಳು ನಾಲ್ವರು ಬಂದರು, ಐದನೆಯವರು ಬಾರದಿದ್ದದ್ದೇ ಯಾರಿಗೂ ಗೊತ್ತಾಗಲಿಲ್ಲ, ಕಾರ್ಡು ಊರಿನ ಕಟ್ಟಿನಲ್ಲಿ ಹೂತುಹೋಗಿತ್ತು. ಆಕೆ ಖುಷಿಯಾದಳು! ‘ಇದು ಆಗಲಿಲ್ಲ ಸಾರ್’ ಎಂದು, ಪಾಯಸ ಆಯಿತು ಎಂಬ ದನಿಯಲ್ಲಿ ಹೇಳಿದಳು. ಕಾರ್ಡುಗಳನ್ನು ಬರಬೇಕಾದ ತಾರೀಖಿನ ಪ್ರಕಾರ ಜೋಡಿಸಿದರು. ತಾರೀಖು ದಾಟಿದ ಕಾರ್ಡು ಮುಂದೆಯೇ ನಿಂತಿರುತ್ತದೆ, ಆಶಾ ಕಾರ್ಯಕರ್ತೆಗೆ ಒಂದು ಫೋನು. ಐದು ಹದಿನೈದಾಯಿತು. ಆಗ ಇಪ್ಪತ್ತನೇ ತಾರೀಖಿಗೇ ಮಾತ್ರೆ ಖಾಲಿಯಾಗತೊಡಗಿತು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯುತ್ತದೆಯೇ ಎಂದು ನೋಡುತ್ತಲೇ ಇರಬೇಕು ಎಂದಳು, ಅದನ್ನೂ ಎಣಿಸಿದಳು. ಔಷಧಿ ಬೇಡಿಕೆಯ ಇಂಡೆಂಟು ಬರೆಯುವವನು ನಾನು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನಿಜವಾದ ಅಂಕಿ ಹಾಕಿ ಇಂಡೆಂಟು ಬರೆದೆ. ಕೈ ನಡುಗಿತು, ಅಭ್ಯಾಸವಿರಲಿಲ್ಲ. ಗೋಡೆಗೆ ಅಂಟಿಸಿದ ಗ್ರಾಫ್ ಹಾಳೆಯಲ್ಲಿ ಸಿಸ್ಟರು ವಾರಕ್ಕೊಂದು ಚುಕ್ಕಿ ಇಡುತ್ತಿದ್ದರು. ಆಯಮ್ಮನೂ ಬಂದು ನೋಡಿ, ‘ಈ ವಾರ ಯಾಕ್ ಕೆಳಕ್ ಬಿತ್ತು?’ ಎಂದು ಕೇಳುತ್ತಿದ್ದಳು. ಹೇಳಿದೆನಲ್ಲ, ಗೆರೆ ಚಾಡಿಕೋರ.

ಹನ್ನೊಂದು ತಿಂಗಳಿಗೆ ಡಾಕ್ಟರಮ್ಮ ಹೊರಟಳು, ಅವಧಿ ಮುಗಿದಿತ್ತು. ಯೋಜನೆಗೆ ಬಹುಮಾನ ಬರಲಿಲ್ಲ. ವರದಿಯನ್ನೇ ಕಳಿಸಿರಲಿಲ್ಲ, ಅರ್ಧ ಪುಟ ‘ಆಗಲಿಲ್ಲ’ಗಳೇ ಇದ್ದವು. ಹೊಸ ಡಾಕ್ಟರು ಬಂದರು, ಗೋಡೆಗೆ ಸುಣ್ಣ ಹೊಡೆಸಿದರು, ಗ್ರಾಫ್ ಹಾಳೆ ಅದರೊಂದಿಗೆ ಹೋಯಿತು. ಮಾತ್ರೆ ಮತ್ತೆ ಹತ್ತಕ್ಕೆ ಇಳಿಯಿತು. ಡಬ್ಬದಲ್ಲಿ ಗುಂಡುಸೂಜಿ, ಸೀಲಿನ ಪ್ಯಾಡು ಸೇರಿಕೊಂಡವು. ನಾನು ನಿವೃತ್ತನಾದ ದಿನ ಹಾರದ ಜೊತೆ ಅದನ್ನೂ ಚೀಲದಲ್ಲಿ ಹಾಕಿಕೊಂಡು ಬಂದೆ. ಸರ್ಕಾರಿ ಸ್ವತ್ತಿನ ಕಳವು ಎನ್ನಬಹುದಾದರೆ ಎನ್ನಿ, ದಾಸ್ತಾನು ಪುಸ್ತಕದಲ್ಲಿ ಅದು ಇರಲೇ ಇಲ್ಲ.

ಕಳೆದ ತಿಂಗಳು ನಾನೇ ರೋಗಿಯಾಗಿ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಒಂದೂವರೆ ಗಂಟೆಯ ಮೇಲೆ ಹೆಸರು ಕೂಗಿದರು. ಬಿ.ಪಿ. ಮಿಷಿನ್ನು ಮೇಜಿನ ಮೇಲೆ, ಪಟ್ಟಿ ಸುತ್ತಿಟ್ಟ ಹಾಗೇ ಇತ್ತು. ಹುಡುಗ ರಿಜಿಸ್ಟರು ತೆಗೆದ. ಹಿಂದಿನ ಸಾಲುಗಳೆಲ್ಲ 130/80, 130/80, 130/80. ನನ್ನ ಅಕ್ಷರವಲ್ಲ, ಆದರೆ ನನ್ನದೇ ಶೈಲಿ.

‘ಎಷ್ಟ್ ಬರ್ಕಳ್ಳಿ ಸಾರ್?’ ಎಂದ, ಹಿರಿಯರೆಂಬ ಗೌರವದಿಂದ.

‘ನಿಂಗೆ ಸರಿ ಕಂಡಷ್ಟ್ ಬರ್ಕಳಪ್ಪ’ ಎಂದೆ. ಬರೆದುಕೊಂಡ. ಹತ್ತು ಮಾತ್ರೆ ಕೊಟ್ಟರು.

ನೀವು ಈ ಕಡೆ ಬಂದರೆ ಬಡವನಹಳ್ಳಿಯಲ್ಲಿ ಇಳಿದು, ಆಸ್ಪತ್ರೆ ಗುಮಾಸ್ತರ ಮನೆ ಎಂದು ಕೇಳಿ. ಡಬ್ಬ ಅಟ್ಟದ ಮೇಲಿದೆ, ಇಳಿಸಿಕೊಡುತ್ತೇನೆ. ಬರುವಾಗ ಒಂದು ಬಿ.ಪಿ. ಮಿಷಿನ್ನು ತನ್ನಿ.

ತಮ್ಮ ವಿಶ್ವಾಸಿ,
(ಸಹಿ ಇದೆ)

ಅಡಕ: ರಟ್ಟಿನ ಕಾರ್ಡುಗಳ ಪಟ್ಟಿ. ಒಟ್ಟು 43, ಅದರಲ್ಲಿ ತಾರೀಖು ದಾಟಿದವು 43. ತಿದ್ದಿಲ್ಲ.
ಪ್ರತಿ: ಆಯಮ್ಮನಿಗೆ, ಓದಿ ಹೇಳುವುದು.
ಪ್ರತಿ: ಕಛೇರಿ ಕಡತಕ್ಕೆ ಬೇಡ.